ಚಿಗವ್ವನ ಚೀಲ ಬಿಚ್ಚಿದ್ದು

ಇನ್ನೊಬ್ಬರ ತಪ್ಪು ತಿದ್ದಲಿಕ್ಕೆಂದೇ ಕೆಲವರು ಹುಟ್ಟಿರುತ್ತಾರೆ. ನಾನು ಆ ಪೈಕಿ. ಮದುವೆಗೆ ಕರೆಯಲು ಬಂದವರ ಎದುರಿಗೇ ಲಗ್ನಪತ್ರಿಕೆಯ ಕಾಗುಣಿತ ನೋಡುತ್ತೇನೆ. ನಮ್ಮ ಮನೆಯವರಂತೂ ಕಿರಾಣಿ ಚೀಟಿಯನ್ನೂ ನನಗೆ ತೋರಿಸದೆ ಕಿಸೆಗೆ ಹಾಕಿಕೊಳ್ಳುತ್ತಾರೆ. ಶಾಲೆಯಲ್ಲಿ ಮಕ್ಕಳ ವಹಿ ತಿದ್ದಿ ತಿದ್ದಿ ಬಂದ ಚಾಳಿ ಎಂದು ಜನ ತಿಳಿದಿದ್ದಾರೆ. ಅಲ್ಲ, ಇದು ಹುಟ್ಟುಗುಣ, ಸುಟ್ಟರೂ ಹೋಗದ್ದು. ಇದರಿಂದಲೇ ಒಂದು ಚೀಲ ಹಾಳಾಯಿತು.

ಗೋಕಾಕದಿಂದ ಕುಲಗೋಡಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವಳು ನಾನು. ಡಬ್ಬಿ, ನೀರಿನ ಬಾಟಲಿ, ವಹಿಗಳ ಗಂಟು, ಬರುವಾಗ ಕಾಯಿಪಲ್ಲೆ, ಇಷ್ಟನ್ನೂ ಹೊತ್ತು ಅಂಗಡಿಯ ಚೀಲಗಳು ಎರಡೇ ತಿಂಗಳಿಗೆ ಕಿವಿ ಹರಿದುಕೊಳ್ಳುತ್ತಿದ್ದವು. ಘೋಡಗೇರಿಯಲ್ಲಿರುವ ಚಿಗವ್ವ, ಅಂದರೆ ನನ್ನ ತಾಯಿಯ ತಂಗಿ, ಇದನ್ನು ಕೇಳಿ ದಪ್ಪ ಹತ್ತಿಹುರಿ ತರಿಸಿ, ಮಬ್ಬುಗಣ್ಣಿನಲ್ಲೇ ಮೂರು ತಿಂಗಳು ಕೂತು ನನಗೊಂದು ಚೀಲ ಹೆಣೆದಳು. ನನಗೆ ಹೆಣಿಗೆಯ ಕಡ್ಡಿ ಹಿಡಿಯಲು ಕಲಿಸಿದವಳೂ ಅವಳೇ. ಖಾಲಿ ಚೀಲ ಕೊಡಬಾರದೆಂದು ಒಳಗೊಂದು ಬೆಲ್ಲದ ಹೆಂಟೆ ಇಟ್ಟಳು.

"ಇನ್ನ ಕಣ್ಣು ನಡ್ಯಂಗಿಲ್ಲವ್ವಾ, ಇದ ಕಡೀದು. ಕುಂಡ್ರು, ಹೆಂಗ ಹಿಡೀಬೇಕಂತ ತೋರಸ್ತೇನಿ."

"ಚೀಲ ಹಿಡ್ಯಾಕ ಬರ್ತೈತಿ ಚಿಗವ್ವಾ, ಬಸ್ಸಿಗೆ ಹೊತ್ತಾತು" ಎಂದು ಎದ್ದುಬಂದೆ.

ಮನೆಯಲ್ಲಿ ನೋಡಿದರೆ ಒಂದು ಹಿಡಿಕೆ ಉದ್ದ, ಇನ್ನೊಂದು ಅದರರ್ಧ. ಪಾಪ, ಎಣಿಕೆ ತಪ್ಪಿದ್ದಾಳೆ ಅನ್ನಿಸಿತು. ಸುಮ್ಮನಿರಬಹುದಿತ್ತು. ಹಿಡಿಕೆ ಬಿಚ್ಚಿದೆ. ಆಗ ಕೆಳಗಿನ ಒಂದು ಸಾಲು ಓರೆ ಕಂಡಿತು, ಅದನ್ನೂ ಬಿಚ್ಚಿದೆ. ಸಂಜೆಯ ಹೊತ್ತಿಗೆ ಮೂರು ತಿಂಗಳ ಕೆಲಸ ಹುರಿಯ ಉಂಡೆಯಾಗಿತ್ತು. "ಇದ್ದದ್ದ ಚಲೋ ಇತ್ತಲ್ಲ" ಎಂದ ಮನೆಯವರನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸಿದೆ. ಆಮೇಲೆ ನಾನೇ ತಿಂಗಳೊಪ್ಪತ್ತು ಕೂತು, ಎರಡೂ ಹಿಡಿಕೆಗಳನ್ನು ಪಟ್ಟಿಯಿಟ್ಟು ಅಳೆದು, ಸರಿಸಮ ಹೆಣೆದೆ. ಮೊದಲ ದಿನವೇ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದು ಬಸ್ಸಿನ ಡ್ರೈವರ್ ಬ್ರೇಕು ಒತ್ತಿದ್ದೇ ತಡ, ತೊಡೆಯ ಮೇಲಿನ ಚೀಲ ಬಾಯಿಬಿಟ್ಟು ಟೊಮೆಟೊ, ಡಬ್ಬಿ, ವಹಿ ಎಲ್ಲ ಸೀಟುಗಳಡಿ ಸೇರಿದವು. ಪಕ್ಕದ ಮುದುಕರು ಟೊಮೆಟೊ ಆರಿಸಿಕೊಡುತ್ತ, "ಅಕ್ಕಾರ, ಚೀಲಾ ಚೆಂದ ಐತ್ರಿ, ಬಾಯಿ ಒಂದ ದೊಡ್ಡದಾತು" ಎಂದರು.

ಹೋದ ವಾರ ಘೋಡಗೇರಿಗೆ ಹೋಗಿದ್ದೆ. ಚಿಗವ್ವನಿಗೆ ಈಗ ಏನೂ ಕಾಣಿಸುವುದಿಲ್ಲ. ಚೀಲವನ್ನು ಹತ್ತಿರ ಎಳೆದುಕೊಂಡು ಹಿಡಿಕೆಗಳನ್ನು ತಡವಿದಳು.

"ಗಿಡ್ಡಂದು ಎಲ್ಲೈತಿ? ಉದ್ದಂದು ಅದರಾಗ ಹಾಯಿಸಿ ಜಗ್ಗಿದರ ಬಾಯಿ ಮುಚ್ಚತೈತಿ. ಬಸ್ಸಿನ್ಯಾಗ ನಿನ್ನ ಸಾಮಾನು ಬೀಳಬಾರದಂತ ಹಂಗ ಮಾಡಿದ್ದೆ."

ನನ್ನ ಮುಖ ಅವಳಿಗೆ ಕಾಣದ್ದು ಆ ಹೊತ್ತಿಗೆ ಪುಣ್ಯವೆನಿಸಿತು. ಹಾಗೆನಿಸಿದ್ದಕ್ಕೆ ಮತ್ತಷ್ಟು ನಾಚಿಕೆಯಾಯಿತು. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳೇ ಒಂದನ್ನು ಹುಡುಕಿಕೊಟ್ಟಳು.

"ಭಾರ ಹೊತ್ತು ಹೊತ್ತು ಗಿಡ್ಡಂದೂ ಜಗ್ಗೇತಿ. ನನ್ನ ಕೈ ಸಡ್ಲ ಆಗಿತ್ತು ಕಾಣತೈತಿ. ತಪ್ಪು ನಂದ ಬಿಡವ್ವಾ."

ಈಗಲಾದರೂ ಖರೆ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ ಬಾಯಿ ತೆರೆದೆ.

"ಹೂಂ ಚಿಗವ್ವಾ, ಸ್ವಲ್ಪ ಸಡ್ಲ ಇತ್ತು" ಎಂದೆ.