ಓದಿ ಸಹಿ ಹಾಕುವವರ ಸಂಘ

ನಗು ಬರುವಂಥ ಸಂಗತಿಗಳು ಕೆಲಸ ಹೋದವನಿಗೇ ಜಾಸ್ತಿ ಆಗುತ್ತವೆ, ನಗುವ ಮನಸ್ಸು ಮಾತ್ರ ಇರುವುದಿಲ್ಲ. ಕಂಪನಿಗಳ ಕರಾರು ಬರೆಯುವುದು, ತಿದ್ದುವುದು ನನ್ನ ಕಸುಬು. ಐರೋಲಿಯ ಆಫೀಸು ನನ್ನನ್ನು ಮನೆಗೆ ಕಳಿಸಿದ ಮೇಲೆ, ಹೊಸ ಕೆಲಸಕ್ಕೆ ದಾರಿಯಾದೀತೆಂದು ಇದೇ ಕಸುಬಿನವರ ಸಂಘ ಸೇರಿದೆ. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಡಲು ನನಗೊಂದು ಜಾಗ ಬೇಕಿತ್ತು, ಅಷ್ಟೆ.

೧. ಹಾಲ್

ಮೊದಲ ಸಭೆಗೆ ಠಾಣೆಯ ಉಡುಪಿ ಹೋಟೆಲೊಂದರ ಮಾಳಿಗೆ ಹಾಲ್ ಕೇಳಿದೆವು. ಧಣಿ ಬಾಯಿಮಾತಲ್ಲೇ ಒಪ್ಪಿದರು. ನಮ್ಮವರು ಬಿಡಬೇಕಲ್ಲ! ಸಾಂಬಾರ್ ತಣ್ಣಗಾದರೆ ಹೊಣೆ ಯಾರದು, ಫ್ಯಾನ್ ನಿಂತರೆ ಯಾರದು ಎಂದು ಉದ್ದದ ಕರಾರು ಬರೆದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುತ್ತಾ ಕೂತರು. ಅಷ್ಟರಲ್ಲಿ ಹಾಲ್ ಯಾರದೋ ಮಗುವಿನ ನಾಮಕರಣಕ್ಕೆ ಹೋಗಿತ್ತು.

"ಎಂತ ಮಾಡುದು ಮಾರಾಯ್ರೆ, ನಿಮ್ಮ ಕರಾರು ಮುಗಿಯುವಾಗ ಆ ಮಗು ಶಾಲೆಗೆ ಹೋದೀತು," ಎಂದರು ಧಣಿ.

ಸಭೆ ಠಾಣೆ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಬೆಂಚಿನ ಮೇಲೆ ನಡೆಯಿತು.

೨. ಮಾರ್ಗದರ್ಶಕರು

ಸಂಘದ ಅಧ್ಯಕ್ಷರಿಗೆ ಕಲ್ಯಾಣದಲ್ಲಿ ಮನೆ, ಮೂಲ ವಿಜಯಪುರ. "ಓದಲಾರ್ದ ಸಹಿ ಹಾಕಬ್ಯಾಡ್ರಿ" ಅಂತ ಪ್ರತಿ ಸಭೆಯಲ್ಲೂ ನಮ್ಮೆಲ್ಲರ ಬಾಯಲ್ಲಿ ಹೇಳಿಸುತ್ತಿದ್ದರು. ನನಗೆ ಅವರೇ ಮಾರ್ಗದರ್ಶಕರು. ಎಲ್ಲೆಲ್ಲಿ ಅರ್ಜಿ ಹಾಕಿದ್ದೀರಿ ಎಂದು ಬಹಳ ಕಾಳಜಿಯಿಂದ ಕೇಳಿಕೊಂಡರು. ಮುಂದಿನ ವಾರ ಮಹಾಪೆಯ ಕಂಪನಿಯೊಂದರ ಸಂದರ್ಶನಕ್ಕೆ ಹೋದರೆ, ಇಸ್ತ್ರಿ ಅಂಗಿ ಹಾಕಿಕೊಂಡು ನನಗಿಂತ ಮೊದಲೇ ಕೂತಿದ್ದಾರೆ! ಅವರದೂ ಕೆಲಸ ಹೋಗಿತ್ತಂತೆ, ಪಾಪ, ಯಾರಿಗೂ ಹೇಳಿರಲಿಲ್ಲ.

"ನಿಮಗ ಧೈರ್ಯ ಹೇಳೂಣಂತ ಬಂದೇನ್ರಿ," ಎಂದರು.

೩. ಎಂಟನೇ ಕಲಮು

ಕೆಲಸ ನನಗೇ ಸಿಕ್ಕಿತು. ಹೆಂಡತಿ ಹಳೇ ಡಬ್ಬಿ ತೊಳೆದಿಟ್ಟಳು. ಕಂಪನಿಯ ನೇಮಕಾತಿ ಕರಾರು ಬಂತು, ಸಹಿ ಹಾಕಿ ಕಳಿಸುವುದಷ್ಟೇ ಬಾಕಿ. ಅದರ ಎಂಟನೇ ಕಲಮಿನಲ್ಲಿ, ಮೊದಲೇ ತಿಳಿಸದೆ ಯಾವಾಗ ಬೇಕಾದರೂ ಮನೆಗೆ ಕಳಿಸಬಹುದು ಎಂದಿತ್ತು. ನನ್ನ ಕೈ ಸುಮ್ಮನಿರಬೇಕಲ್ಲ! ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಬೇರೆ ವಾಕ್ಯ ಬರೆದೆ.

"ನಿಮಗೆಂತ ಮರ್ಲಾ, ತಲೆ ಸರಿ ಉಂಟಾ? ಮೊದಲು ಒಳಗೆ ಹೋಗಿ ಕೂತ್ಕೊಳ್ಳಿ," ಎಂದಳು ಹೆಂಡತಿ.

ನಾನು ಕೇಳಲಿಲ್ಲ, ತಿದ್ದಿದ್ದನ್ನೇ ಕಳಿಸಿದೆ. ಕಂಪನಿಯಿಂದ ಮತ್ತೆ ಉತ್ತರವೇ ಇಲ್ಲ. ಡಬ್ಬಿ ಅಟ್ಟಕ್ಕೆ ಹೋಯಿತು.

ಮುಂದಿನ ಸಭೆಗೆ ಹೋದರೆ, ಅದೇ ಬೆಂಚಿನ ಹತ್ತಿರ ಅಧ್ಯಕ್ಷರು ಪೇಢೆ ಹಂಚುತ್ತಿದ್ದರು. ಮಹಾಪೆಯ ಅದೇ ಕೆಲಸ ಅವರಿಗಾಗಿತ್ತು. ನಾನೂ ಒಂದು ಪೇಢೆ ತೆಗೆದುಕೊಂಡೆ. ಆದರೂ ಬಾಯಿ ತಡೆಯದೆ ಕೇಳಿದೆ, "ಸರ್, ಎಂಟನೇ ಕಲಮು ಓದಿದ್ರಾ?"

ಅವರು ನನ್ನ ಕೈಗೆ ಇನ್ನೊಂದು ಪೇಢೆ ಇಟ್ಟರು. "ಓದಿದ್ರ ನಿಮ್ಮಂಗ ಇಲ್ಲೇ ಕುಂತಿರ್ತಿದ್ದೆನಲ್ಲರೀ!"