ನನ್ನ ಬಾಯಿಂದ ಜಾರಿದ ಸಾಕು

ಕೆಲಸದಲ್ಲಿ ಮೇಲೆ ಬರಬೇಕಾದರೆ ಓದು ಬೇಕು, ಹಟ ಬೇಕು, ದೊಡ್ಡವರ ಕೃಪೆ ಬೇಕು ಎನ್ನುತ್ತಾರೆ. ಇರಬಹುದಪ್ಪ. ನನ್ನನ್ನು ಮೇಲೆತ್ತಿದ್ದು ಮಾತ್ರ ಊಟಕ್ಕೆ ಕೂತಾಗ ಎಲ್ಲರೂ ಆಡುವ ಒಂದು ಮಾತು!

ತಮಿಳರ ನಡುವೆ, ನುಂಗಂಬಾಕ್ಕಂನಲ್ಲಿ, ಹಿರಿಯ ವಕೀಲರೊಬ್ಬರ ಕೈಕೆಳಗೆ ವರ್ಷಗಟ್ಟಲೆ ವಾಯಿದೆ ಕೇಳಿಕೊಂಡಿದ್ದವಳು ನಾನು. ತೊಂಬತ್ತರ ದಶಕದ ಕೊನೆಗೆ ಕೇಂದ್ರ ಸರ್ಕಾರದ ಪ್ರಾಸಿಕ್ಯೂಟರ್ ಪರೀಕ್ಷೆ ಬರೆದೆ, ಪಾಸೂ ಆಗಿಬಿಟ್ಟೆ! ಅತ್ತೆ ತಾಂಬರಂ ತುಂಬ ಸಾರಿಕೊಂಡು ಬಂದರು: "ನಮ್ಮ ಸೊಸೆ ಇನ್ಮೇಲೆ ದಿಲ್ಲಿ ಪರವಾಗಿ ಜಗಳ ಆಡ್ತಾಳೆ!"

"ಇಷ್ಟು ದಿನ ಬಿಟ್ಟಿ ಆಡ್ತಿದ್ಲು, ಇನ್ಮೇಲೆ ಸಂಬಳ," ಎಂದರು ನಮ್ಮ ಯಜಮಾನರು. ಹೊಟ್ಟೆಕಿಚ್ಚು, ಇನ್ನೇನು!

ಮೊದಲ ಕೇಸೇ ಫಜೀತಿಯದು. ಸರ್ಕಾರಿ ಗೋದಾಮಿನಿಂದ ಮಾಯವಾದ ಫ್ಯಾನುಗಳು ಅಡ್ಯಾರಿನಲ್ಲಿ, ಗೋದಾಮಿನ ಅಧಿಕಾರಿಯ ಭಾಮೈದನ ಕಲ್ಯಾಣಮಂಟಪದಲ್ಲಿ ಗಿರಗಿರನೆ ತಿರುಗುತ್ತಿದ್ದವು. ಇದನ್ನು ಸೋತರೆ ಮತ್ತೆ ವಾಯಿದೆ ಕೇಳುವ ಕೆಲಸವೇ ಗತಿ ಎಂದು ಮೇಲಿನವರು ಮೊದಲೇ ಹೇಳಿದ್ದರು. ಭಾಮೈದ ಸಾಕ್ಷಿ ಹೇಳಲು ಬಂದ. ಫ್ಯಾನು ಎಲ್ಲಿ ಕೊಂಡೆಯಪ್ಪ ಎಂದರೆ ಅವನ ಅತ್ತೆಯ ಮಂಡಿನೋವು, ಕೆಟ್ಟುನಿಂತ ಬಸ್ಸು, ಮುಚ್ಚಿಹೋದ ಅಂಗಡಿ, ಮಳೆಗೆ ನೆಂದ ರಸೀತಿ, ಒಂದೇ ಎರಡೇ! ನನ್ನ ತಲೆ ಚಿಟ್ಟು ಹಿಡಿಯಿತು. ಅಲ್ಲಿಯವರೆಗೆ ತಮಿಳಿನಲ್ಲೇ ಪ್ರಶ್ನೆ ಕೇಳುತ್ತಿದ್ದ ಬಾಯಿಂದ ಮನೆಮಾತು ಜಾರಿತು: "ಸಾಕು! ಸಾಕು!"

ನಮಗೆ ಸಾಕು ಎಂದರೆ ನಿಲ್ಲಿಸು ಅಂತ. ತಮಿಳರ ಕಿವಿಗೆ ಅದು 'ಸಾಕ್ಕು', ಅಂದರೆ ಕುಂಟುನೆಪ. ಭಾಮೈದ ಬೆವತುಹೋದ. "ಸಾಕ್ಕು ಇಲ್ಲೀಂಗಮ್ಮಾ! ಸತ್ಯಮಾ, ಮಚ್ಚಾನ್‌ದಾನ್ ಫ್ಯಾನ್ ಕುಡುತ್ತಾರು!" ನೆಪ ಅಲ್ಲವಂತೆ, ಸತ್ಯವಾಗಿಯೂ ಭಾವನೇ ಫ್ಯಾನು ಕೊಟ್ಟನಂತೆ! ಆರೋಪಿಯಾಗಿ ಕಟಕಟೆಯಲ್ಲಿದ್ದ ಆ ಅಧಿಕಾರಿ ಭಾವನ ಮುಖ ನೋಡಬೇಕಿತ್ತು! ಕುಣಿದುಬಿಟ್ಟೇನು ಎಂಬ ಭಯಕ್ಕೆ ನಾನು ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಗೆದ್ದೆ. ದೊಡ್ಡ ದೊಡ್ಡ ಕೇಸುಗಳು ಬಂದವು. "ಒಂದೇ ಪದದಲ್ಲಿ ಸಾಕ್ಷಿಯನ್ನು ಕಟ್ಟಿಹಾಕಿದ ಮೇಡಂ" ಎಂದು ಕಿರಿಯರೆಲ್ಲ ಕೊಂಡಾಡುವಾಗ ಇಲ್ಲವೆನ್ನಲು ನಾನೇನು ಹುಚ್ಚಿಯೇ? ಮನೆಯಲ್ಲೂ ಅದನ್ನೇ ಹೇಳಿಕೊಂಡು ಬಂದೆ.

ಕೆಲವು ವರ್ಷಗಳ ಮೇಲೆ ಬಡ್ತಿಯೂ ಬಂತು. ಅವತ್ತು ಯಜಮಾನರಿಗೆ ಹುಳಿ ಬಡಿಸುತ್ತಾ ಅದೇ ಪುರಾಣ ತೆಗೆದೆ. "ಅವ್ನ ಮುಖ ನೋಡ್ದಾಗ್ಲೇ ಲೆಕ್ಕ ಹಾಕಿದ್ದೆ ರೀ, ಈ ಪದ ಬಿಟ್ರೆ ಇವ್ನು ಬಾಯ್ಬಿಡ್ತಾನೆ ಅಂತ..."

"ಸಾಕು!" ಎಂದರು.

ನನ್ನ ಕಿವಿಗೂ ಅದು 'ಸಾಕ್ಕು' ಎಂದೇ ಬಿತ್ತು. "ನೆಪ ಅಲ್ಲಾರೀ! ಅಯ್ಯೋ, ದೇವರಾಣೆಗೂ ಅದು ಬಾಯ್ತಪ್ಪಿ ಬಂದದ್ದು! ನನಗೇನೂ ಗೊತ್ತಿರ್ಲಿಲ್ಲ!" ಎಂದು ಎಲ್ಲವನ್ನೂ ಒದರಿಬಿಟ್ಟೆ.

ಯಜಮಾನರು ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದರು, ಕೈಯನ್ನು ತಟ್ಟೆಗೆ ಅಡ್ಡ ಹಿಡಿದುಕೊಂಡು. ಪಾಪ, ಹುಳಿ ಸಾಕು ಎಂದಿದ್ದರಷ್ಟೆ.