ಶಾಮಣ್ಣನ ತಲೆ ಎಣಿಕೆ

ಬಾಲ್ಕನಿಯಲ್ಲಿ ನಿಂತು ದೊಡ್ಡ ಗಂಟಲಲ್ಲಿ ಮಾತಾಡಬಾರದು ಅನ್ನುವುದು ಕಾಂದಿವಲಿಯ ಕಾಗೆಗಳಿಗೂ ಗೊತ್ತು. ಗೊತ್ತಿಲ್ಲದವನು ಶಾಮಣ್ಣ ಒಬ್ಬನೇ. ಶನಿವಾರ ಸಂಜೆ ಅಲ್ಲಿ ನಿಂತು, ಕೆಳಗೆ ಆಡುತ್ತಿದ್ದ ಮಗನಿಗೆ, "ಲೋ ಕಿಟ್ಟೂ, ನಾಳೆ ವರ್ಲಿಯ ಸೈನ್ಸ್ ಮ್ಯೂಸಿಯಮ್ಮಿಗೆ ಹೋಗೋಣ! ಅಲ್ಲಿ ಎಲ್ಲಾನೂ ಮುಟ್ಟಿ ನೋಡಬಹುದಂತೆ ಕಣೋ!" ಎಂದು ಕೂಗಿಬಿಟ್ಟ.

ಬಿಲ್ಡಿಂಗಿನ ಕಿಟಕಿಗಳೆಲ್ಲ ತೆರೆದುಕೊಂಡವು.

"ಒಳ್ಳೇದಾಯ್ತು ಮಾರಾಯ್ರೆ," ಎಂದಳು ಮೇಲಿನ ಮನೆಯ ರಾಜೀವಿ. ಅವಳ ಗಂಡನದು ಸ್ಟೇಷನ್ ಎದುರು ಉಡುಪಿ ಹೋಟೆಲು, ಭಾನುವಾರವೂ ರಜೆಯಿಲ್ಲ. "ನಮ್ಮ ಮೂವರನ್ನೂ ಕರ್ಕೊಂಡು ಹೋಗಿ, ಆಯ್ತಾ? ಮನೆಯಲ್ಲಿ ಕೂತು ನನ್ನ ತಲೆ ತಿಂತವೆ."

"ಶಾಮರಾವ್, ಆಮ್ಚೇ ಚಾರ್ ಪಣ್!" ಎಂದು ಎದುರುಮನೆಯ ಇಂದ್ರಾಬಾಯಿ ನಾಲ್ಕು ಬೆರಳು ತೋರಿಸಿದಳು.

ಶಾಮಣ್ಣ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಕೆಳಮನೆಯವರದೂ ಮೂರು ಸೇರಿ, ಕಿಟ್ಟುವೂ ಕೂಡಿ ಹನ್ನೊಂದಾಯಿತು.

ಶಾಮಣ್ಣ ಕಾರ್ಖಾನೆಯೊಂದರ ಸ್ಟೋರ್ಸ್ ಗುಮಾಸ್ತ. ಹದಿನೆಂಟು ವರ್ಷದಲ್ಲಿ ಒಂದು ನಟ್ಟೂ ಕಳೆದವನಲ್ಲ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

"ನಟ್ಟಿಗೆ ಕಾಲಿಲ್ಲ ಕಣ್ರೀ," ಎಂದಳು ಹೆಂಡತಿ ಪುಟ್ಟಲಕ್ಷ್ಮಿ. "ಇವು ಊರೋರ ಮಕ್ಕಳು. ಒಂದು ಕಳೆದುಹೋದ್ರೂ ನಾವಿಲ್ಲಿ ಮುಖ ಎತ್ಕೊಂಡು ಓಡಾಡೋ ಹಾಗಿಲ್ಲ."

ಶಾಮಣ್ಣನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಹನ್ನೊಂದು ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಒಂದು ನಂಬರ್ ಕೊಟ್ಟ. "ಕೇಳ್ರೋ! ನಾನು ಲೆಕ್ಕ ಅಂದ ತಕ್ಷಣ ನಂಬರ್ ಹೇಳಬೇಕು. ಅದು ಬಿಟ್ಟು ಬೇರೆ ಪಿಟ್ಟೆನ್ನಕೂಡದು."

ಪುಟ್ಟಲಕ್ಷ್ಮಿ ಎಂದಿನಂತೆ ಟ್ರೇನಿನ ಹೆಂಗಸರ ಡಬ್ಬಿ ಹತ್ತಿದಳು. ಲೋಕಲ್ಲಿನ ಪ್ರತಿ ಸ್ಟೇಷನ್ನಿನಲ್ಲೂ ಶಾಮಣ್ಣ ಲೆಕ್ಕ ತೆಗೆದ. "ಸಬ್ ಆಪ್ ಕೇ ಹೈಂ?" ಎಂದು ಪಕ್ಕದವನು ಕನಿಕರದಿಂದ ಕೇಳಿದ. ಒಂದೇ ನನ್ನದು ಎಂದರೆ ಅವನು ನಂಬಲಿಲ್ಲ, ಎದ್ದು ಸೀಟು ಬಿಟ್ಟುಕೊಟ್ಟ.

ಮ್ಯೂಸಿಯಮ್ಮಿನಲ್ಲಿ ಮುಟ್ಟಬೇಡಿ ಎನ್ನುವ ಬೋರ್ಡೇ ಇರಲಿಲ್ಲ. ಮಕ್ಕಳು ಹಗ್ಗ ಬಿಚ್ಚಿದ ಕರುಗಳಂತೆ ದಿಕ್ಕಾಪಾಲಾದವು. ಕೂತು ಹಗ್ಗ ಎಳೆದರೆ ನಮ್ಮನ್ನು ನಾವೇ ಮೇಲಕ್ಕೆತ್ತಿಕೊಳ್ಳುವ ರಾಟೆ ಕುರ್ಚಿಯೊಂದಿತ್ತು. ಅದರ ಮುಂದೆ ರೇಷನ್ ಅಂಗಡಿಯ ಕ್ಯೂವಿನಷ್ಟು ಉದ್ದದ ಸಾಲು.

"ಇವಳೇ, ನೀನು ಲೈನ್ ಹಿಡ್ಕೊಂಡು ನಿಂತಿರು. ಮಕ್ಕಳನ್ನ ಒಟ್ಟು ಮಾಡ್ಕೊಂಡು ಬಂದೆ," ಎಂದು ಶಾಮಣ್ಣ ಓಡಿದ.

ಕನ್ನಡಿ ಕೋಣೆಯಲ್ಲಿ ಎಣಿಸಿದರೆ ನಲವತ್ತು ಮಕ್ಕಳು, ಆರು ಜನ ಶಾಮಣ್ಣಂದಿರು. ಆರೂ ಮುಖಗಳಲ್ಲಿ ಬೆವರು. ಹೊರಗೆ ತಂದು ಎಣಿಸಿದರೆ ಹತ್ತು! ರಾಜೀವಿಯ ಕಿರಿಯವನು, ಎಂಟನೇ ನಂಬರ್, ನಾಪತ್ತೆ.

ಶಾಮಣ್ಣ ಬಾಗಿಲಿಗೆ ಓಡಿದ. "ಆಠ್ ನಂಬರ್! ಆಠ್ ನಂಬರ್ ಕಿದರ್ ಹೈ?" ಎಂದು ಗಾರ್ಡಿನ ಕೈ ಹಿಡಿದ. ಗಾರ್ಡು ನಿರಾಳವಾಗಿ ಮಹಡಿಯ ಕಡೆ ಕೈ ತೋರಿಸಿದ. ಎದ್ದು ಬಿದ್ದು ಮೇಲೆ ಹೋದರೆ ಅಲ್ಲಿ ಎಂಟನೇ ನಂಬರಿನ ಯಂತ್ರವಿತ್ತು, ಹುಡುಗನಿರಲಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕ. ಸೈಕಲ್ ತುಳಿದು ಬಲ್ಬು ಉರಿಸುತ್ತಿದ್ದವನು, "ಅಂಕಲ್, ಏಕ್ ಮಿನಿಟ್," ಎಂದ.

"ಸಾಕಪ್ಪಾ ನಿಮ್ಮ ಸೈನ್ಸು!" ಶಾಮಣ್ಣ ಅವನನ್ನು ಕಂಕುಳಲ್ಲಿ ಇರುಕಿಕೊಂಡು, ಉಳಿದ ಹತ್ತನ್ನೂ ಅಟ್ಟಿಕೊಂಡು ನೇರ ಸ್ಟೇಷನ್ ಸೇರಿದ.

ಟ್ರೇನಿನಲ್ಲಿ ಕಿಟ್ಟು, "ಅಪ್ಪಾ..." ಎಂದು ಬಾಯಿ ತೆರೆದ.

"ನಂಬರ್!"

"ಒಂದು," ಎಂದು ಕಿಟ್ಟು ಸುಮ್ಮನಾದ.

ಬಿಲ್ಡಿಂಗ್ ತಲುಪಿ ಮನೆಮನೆಗೂ ಮಕ್ಕಳನ್ನು ಒಪ್ಪಿಸಿದ್ದಾಯಿತು. "ನಿಮ್ಮಂಥ ಜನ ಸಾವಿರಕ್ಕೆ ಒಬ್ಬರು," ಎಂದಳು ರಾಜೀವಿ. ಶಾಮಣ್ಣ ಎದೆಯುಬ್ಬಿಸಿಕೊಂಡು ತನ್ನ ಮನೆಗೆ ಬಂದರೆ, ಬಾಗಿಲಿಗೆ ಬೀಗ.

"ಬೀಗದ ಕೈ ಎಲ್ಲೋ?"

"ಅಮ್ಮನ ಹತ್ರ."

"ಅಮ್ಮ ಎಲ್ಲಿ?"

"ಕುರ್ಚಿ ಲೈನಲ್ಲಿ. ಹೇಳೋಕೆ ಬಂದ್ರೆ ನೀವು ನಂಬರ್ ಕೇಳಿದ್ರಿ."

ಶಾಮಣ್ಣ ಮೆಟ್ಟಿಲ ಮೇಲೆ ಕುಸಿದ. ಸಾಲಿನಲ್ಲಿ ನಿಲ್ಲಿಸಿದ್ದೇ ಮರೆತು, ಅವಳು ಎಂದಿನಂತೆ ಹೆಂಗಸರ ಡಬ್ಬಿಯಲ್ಲಿ ಬಂದು, ಸ್ಟೇಷನ್ನಿನ ಹತ್ತಿರ ತರಕಾರಿ ಕೊಳ್ಳುತ್ತಿದ್ದಾಳೆ ಎಂದೇ ನಂಬಿದ್ದ. ಹದಿನೆಂಟು ವರ್ಷ ನಟ್ಟು ಕಾಯ್ದ ಮಹಾನುಭಾವ, ಇದ್ದೊಬ್ಬ ಹೆಂಡತಿಯನ್ನು ಪಟ್ಟಿಗೇ ಸೇರಿಸಿರಲಿಲ್ಲ! ಸುದ್ದಿ ತಿಳಿದು ಹೆಂಗಸರೆಲ್ಲ ಕೆಳಗಿಳಿದು ಬಂದು ಅವನಿಗೆ ಮಂಗಳಾರತಿ ಎತ್ತಿದರು.

ಅಷ್ಟರಲ್ಲಿ ಗೇಟಿನ ಮುಂದೆ ರಿಕ್ಷಾ ನಿಂತಿತು. ಪುಟ್ಟಲಕ್ಷ್ಮಿ ಇಳಿದಳು. ತುರುಬು ಬಿಚ್ಚಿತ್ತು, ಮುಖ ಮಾತ್ರ ಮದುವಣಗಿತ್ತಿಯದು.

"ತಪ್ಪಾಯ್ತು ಕಣೇ," ಎಂದು ಶಾಮಣ್ಣ ಕೈ ಮುಗಿದ. ಅವಳು ಅವನ ಕಡೆ ನೋಡಲೂ ಇಲ್ಲ.

"ಏನು ಹೇಳ್ಲಿ ರಾಜೀವಿಯವ್ರೇ! ಐದು ಸಲ ಕುರ್ಚಿ ಹತ್ತಿದೆ. ಮಧ್ಯಾಹ್ನ ಪೂರ್ತಿ ಯಾರೂ ಕಾಫಿ ಕೊಡು ಅನ್ನಲಿಲ್ಲ, ಟವಲ್ ಎಲ್ಲಿ ಅನ್ನಲಿಲ್ಲ. ಮದುವೆಯಾದ ಮೇಲೆ ಇಂಥ ಸುಖ ಕಂಡಿರಲಿಲ್ಲ ಕಣ್ರೀ!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂದ್ರಾಬಾಯಿಗೆ ಯಾರೋ ಮರಾಠಿಯಲ್ಲಿ ಹೇಳಿದರು. ಅವಳ ಕಣ್ಣೂ ಅರಳಿತು. ಎರಡೇ ನಿಮಿಷದಲ್ಲಿ ತೀರ್ಮಾನವಾಯಿತು: ಬರುವ ಭಾನುವಾರ ಹೆಂಗಸರೆಲ್ಲ ಮ್ಯೂಸಿಯಮ್ಮಿಗೆ.

"ಮಕ್ಕಳು?" ಎಂದ ಶಾಮಣ್ಣ, ಸಣ್ಣ ದನಿಯಲ್ಲಿ.

"ನೀವಿದ್ದೀರಲ್ಲ ಮಾರಾಯ್ರೆ, ನೀವು ಮಕ್ಕಳನ್ನ ಕಳೆಯುವವರಲ್ಲ," ಎಂದಳು ರಾಜೀವಿ. "ಪಕ್ಕದ ಬಿಲ್ಡಿಂಗಿನವರಿಗೂ ಹೇಳ್ತೇನೆ. ಬೆಳಿಗ್ಗೆ ಏಳಕ್ಕೇ ಕಳಿಸ್ತೇವೆ, ಆಯ್ತಾ?"